ಗರ್ಭಪಾತ ಮತ್ತು ದಯಾಮರಣ: ಐರ್ಲೆಂಡ್‌ನ ಅಭ್ಯರ್ಥಿಗಳ ನಿಲುವನ್ನು ತಿಳಿಯುವ ಬಗೆ

ಐರ್ಲೆಂಡ್‌ನಲ್ಲಿ 1983ರಿಂದ 2018ರವರೆಗೆ ಗರ್ಭಪಾತದ ಪ್ರಶ್ನೆ ಬಹುಮಟ್ಟಿಗೆ ಶಾಸಕರ ಕೈಮೀರಿತ್ತು. ಹುಟ್ಟಲಿರುವ ಶಿಶುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮಾನವೆಂದು ಸಾರಿದ್ದ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ಜನಮತಗಣನೆ ಇಲ್ಲದೆ ಬದಲಿಸುವಂತಿರಲಿಲ್ಲವಾದ್ದರಿಂದ, ಅಭ್ಯರ್ಥಿಯೊಬ್ಬರು ಈ ವಿಷಯದಲ್ಲಿ ಏನೇ ಹೇಳಿದರೂ ಅದರಿಂದ ಆಗುವ ವ್ಯತ್ಯಾಸ ಸೀಮಿತವಾಗಿತ್ತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ಅದರ ಜಾಗಕ್ಕೆ ಬಂದದ್ದು ಒಂದೇ ವಾಕ್ಯ: ಗರ್ಭಪಾತದ ನಿಯಂತ್ರಣಕ್ಕೆ ಕಾನೂನಿನ ಮೂಲಕ ವ್ಯವಸ್ಥೆ ಮಾಡಬಹುದು ಎಂಬುದು. ಅಂದಿನಿಂದ ಎಷ್ಟು ವಾರ, ಯಾವ ಕಾರಣ, ಯಾರ ಅನುಮತಿ ಎಂಬುದೆಲ್ಲ ಸಂಸತ್ತಿನ ಸಾಮಾನ್ಯ ಬಹುಮತದ ಅಧೀನಕ್ಕೆ ಬಂದಿದೆ. ದಯಾಮರಣದ ವಿಷಯದಲ್ಲೂ ಹೀಗೆಯೇ ಆಗಿದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದಿಂದ ಬಳಲುತ್ತಿದ್ದ ಮರೀ ಫ್ಲೆಮಿಂಗ್ ಎಂಬುವರು ಸಾಯಲು ನೆರವು ಪಡೆಯುವ ಹಕ್ಕಿಗಾಗಿ ಹೂಡಿದ ಮೊಕದ್ದಮೆಯನ್ನು 2013ರ ಏಪ್ರಿಲ್‌ನಲ್ಲಿ ತಳ್ಳಿಹಾಕಿದ ಸುಪ್ರೀಂ ಕೋರ್ಟು, ಸಂವಿಧಾನದಲ್ಲಿ ಅಂಥ ಹಕ್ಕಿಲ್ಲವೆಂದು ಹೇಳಿತಾದರೂ ಸಂಸತ್ತು ಕಾನೂನು ಮಾಡುವುದಕ್ಕೆ ಅಡ್ಡಿಯಿಲ್ಲವೆಂಬ ಬಾಗಿಲನ್ನು ತೆರೆದಿಟ್ಟಿತು. ಆದ್ದರಿಂದ ಈ ಎರಡು ವಿಷಯಗಳಲ್ಲಿ ಅಭ್ಯರ್ಥಿಯ ವೈಯಕ್ತಿಕ ನಿಲುವಿಗೆ ಹಿಂದೆಂದೂ ಇಲ್ಲದಷ್ಟು ತೂಕ ಬಂದಿದೆ.

ಕನ್ನಡಿಗರಿಗೆ ಇದು ದೂರದ ದೇಶದ ಸುದ್ದಿಯಲ್ಲ. 2012ರ ಅಕ್ಟೋಬರ್ 28ರಂದು ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡ ದಂತವೈದ್ಯೆ ಸವಿತಾ ಹಾಲಪ್ಪನವರ್ ಬೆಳಗಾವಿಯ ಮನೆಮಗಳು. ಹದಿನೇಳು ವಾರಗಳ ಗರ್ಭ ಉಳಿಯುವುದಿಲ್ಲವೆಂದು ಖಚಿತವಾದ ಮೇಲೂ, ಭ್ರೂಣದ ಹೃದಯಬಡಿತ ಇದೆ ಎಂಬ ಕಾರಣಕ್ಕೆ ಆಕೆ ಕೇಳಿದ ಗರ್ಭಪಾತವನ್ನು ನಿರಾಕರಿಸಲಾಯಿತು. ಆಮೇಲೆ ಸೋಂಕು ರಕ್ತಕ್ಕೇರಿ ಆಕೆ ಉಳಿಯಲಿಲ್ಲ. ತಾಯಿಯ ಜೀವ ಉಳಿಸಲು ಗರ್ಭಪಾತಕ್ಕೆ ಅವಕಾಶ ಕೊಟ್ಟ 2013ರ ಕಾಯಿದೆಗೂ 2018ರ ಜನಮತಗಣನೆಗೂ ಆ ಸಾವು ಕೊಟ್ಟ ನೂಕು ಎಷ್ಟಿತ್ತೆಂದರೆ, ಮತದಾನದ ಹೊತ್ತಿನಲ್ಲಿ ಡಬ್ಲಿನ್‌ನ ಗೋಡೆಯೊಂದರ ಮೇಲೆ ಬರೆದಿದ್ದ ಆಕೆಯ ಚಿತ್ರದ ಸುತ್ತ ಜನ ಚೀಟಿಗಳನ್ನು ಅಂಟಿಸಿ ಹೋಗಿದ್ದರು.

ಈ ಲೇಖನ ಐರ್ಲೆಂಡ್‌ನಲ್ಲಿ ಮತ ಹಾಕಲಿರುವ ಕನ್ನಡಿಗರಿಗಾಗಿ. ಗರ್ಭಪಾತವನ್ನು ಒಪ್ಪುವವರೂ ಒಪ್ಪದವರೂ, ದಯಾಮರಣ ಬೇಕೆನ್ನುವವರೂ ಬೇಡವೆನ್ನುವವರೂ ಇದನ್ನು ಒಂದೇ ರೀತಿಯಲ್ಲಿ ಬಳಸಬಹುದು.

ನಿಮಗೆ ಯಾವ ಮತವಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ

ಸಂಸತ್ತಿನ ಕೆಳಮನೆಯಾದ ಡಾಯ್ಲ್‌ಗೆ ಸದಸ್ಯರನ್ನು, ಅಂದರೆ ಟಿ.ಡಿ.ಗಳನ್ನು, ಆರಿಸುವ ಹಕ್ಕು ಐರ್ಲೆಂಡ್‌ನ ಪೌರರಿಗೂ ಅಲ್ಲಿ ವಾಸವಾಗಿರುವ ಬ್ರಿಟಿಷ್ ಪೌರರಿಗೂ ಇದೆ. ಜನಮತಗಣನೆಯಲ್ಲಿ ಐರ್ಲೆಂಡ್‌ನ ಪೌರರು ಮಾತ್ರ ಮತ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಕೆಲಸದ ಪರವಾನಗಿಯ ಮೇಲೆ ಇರುವವರಿಗೆ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮಾತ್ರ ಮತವಿದೆ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, ಐರ್ಲೆಂಡ್‌ನ ಪೌರತ್ವ ಪಡೆದವರು ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ಆಮೇಲೆ ಸಿಗುವ ಓ.ಸಿ.ಐ. ಕಾರ್ಡಿನಿಂದ ಕರ್ನಾಟಕದಲ್ಲಿ ಮತದ ಹಕ್ಕು ಬರುವುದಿಲ್ಲ.

ಸ್ಥಳೀಯ ಸಂಸ್ಥೆಯ ಸದಸ್ಯರು ಗರ್ಭಪಾತದ ಬಗೆಗಾಗಲಿ ದಯಾಮರಣದ ಬಗೆಗಾಗಲಿ ಕಾನೂನು ಮಾಡುವುದಿಲ್ಲ. ಆದರೂ ಆ ಮತ ಅಷ್ಟೇನೂ ದುರ್ಬಲವಲ್ಲ: ಮೇಲ್ಮನೆಯ 60 ಸ್ಥಾನಗಳಲ್ಲಿ 43ನ್ನು ತುಂಬುವವರಲ್ಲಿ ದೇಶದ ಎಲ್ಲ ಕೌನ್ಸಿಲರ್‌ಗಳೂ ಇದ್ದಾರೆ. ನಮ್ಮ ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮತದಾರರ ಪಟ್ಟಿಗೆ ಸೇರಲು 'ಚೆಕ್ ದಿ ರಿಜಿಸ್ಟರ್' ಎಂಬ ಸರ್ಕಾರಿ ಜಾಲತಾಣದಲ್ಲಿ ಪಿ.ಪಿ.ಎಸ್. ಸಂಖ್ಯೆ (ಸರ್ಕಾರಿ ಸೇವೆಗಳಿಗಾಗಿ ಕೊಡುವ ವೈಯಕ್ತಿಕ ಸಂಖ್ಯೆ), ಹುಟ್ಟಿದ ದಿನಾಂಕ ಮತ್ತು ಮನೆಯ ಐರ್‌ಕೋಡ್ (ಅಂಚೆ ಸಂಕೇತ) ಕೊಟ್ಟರೆ ಸಾಕು. ಪೌರತ್ವ ಬಂದ ಮೇಲೆ ಪಟ್ಟಿಯಲ್ಲಿನ ನಿಮ್ಮ ವಿವರ ತಾನಾಗಿ ಬದಲಾಗುತ್ತದೆಂದು ಭಾವಿಸದೆ, ಸ್ಥಳೀಯ ಮತದಾರರ ವರ್ಗದಿಂದ ಪೂರ್ಣ ಮತದಾರರ ವರ್ಗಕ್ಕೆ ಹೆಸರು ಬಂದಿದೆಯೇ ಎಂದು ಪರಿಶೀಲಿಸಿರಿ. ಮತದಾನಕ್ಕೆ ಸುಮಾರು ಎರಡು ವಾರ ಮೊದಲೇ ಪಟ್ಟಿ ಮುಚ್ಚುತ್ತದೆ. ಡಾಯ್ಲ್ ವಿಸರ್ಜನೆಯಾದ ಮೇಲೆ ಮತದಾನಕ್ಕೆ ಉಳಿಯುವುದೇ ಮೂರು ನಾಲ್ಕು ವಾರ. ಮುಂದೆ ಹೇಳಲಿರುವ ಹುಡುಕಾಟವನ್ನೂ ಚುನಾವಣೆ ಘೋಷಣೆಯಾಗುವವರೆಗೆ ಮುಂದೂಡದಿರುವುದು ಒಳ್ಳೆಯದು.

ಕಾನೂನು ಈಗ ಎಲ್ಲಿ ನಿಂತಿದೆ ಎಂಬುದನ್ನು ಓದಿಕೊಳ್ಳಿ

ಅಭ್ಯರ್ಥಿಯನ್ನು ಪ್ರಶ್ನಿಸುವ ಮೊದಲು ಕಾನೂನಿನ ಈಗಿನ ಗಡಿಯನ್ನು ತಿಳಿದಿರಬೇಕು. ಇಲ್ಲವಾದರೆ ಆಗಲೇ ಕಾನೂನಿನಲ್ಲಿ ಇರುವುದನ್ನೇ ಭರವಸೆಯಾಗಿ ಕೊಟ್ಟು ಕಳಿಸಿಬಿಡುತ್ತಾರೆ.

2018ರ ಗರ್ಭಪಾತ ನಿಯಂತ್ರಣ ಕಾಯಿದೆಯ ಅನ್ವಯ 2019ರ ಜನವರಿ 1ರಿಂದ ಸೇವೆ ಆರಂಭವಾಯಿತು. ಹನ್ನೆರಡು ವಾರಗಳವರೆಗೆ ಕಾರಣ ಹೇಳದೆ ಗರ್ಭಪಾತ ಮಾಡಿಸಿಕೊಳ್ಳಬಹುದು, ಆದರೆ ವೈದ್ಯರು ಪ್ರಮಾಣೀಕರಿಸಿದ ಮೇಲೆ ಮೂರು ದಿನ ಕಾಯಲೇಬೇಕು ಎಂದು ಕಾಯಿದೆ ಹೇಳಿತು. ಹನ್ನೆರಡು ವಾರ ದಾಟಿದ ಮೇಲೆ ಮಹಿಳೆಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಸಂಭವ ಇದ್ದರೆ, ಅಥವಾ ಹುಟ್ಟುವ ಮೊದಲೋ ಹುಟ್ಟಿ 28 ದಿನಗಳ ಒಳಗೋ ಶಿಶು ಸಾಯುವ ಸಂಭವವಿರುವ ಸ್ಥಿತಿ ಕಂಡುಬಂದರೆ, ಇಬ್ಬರು ವೈದ್ಯರ ಪ್ರಮಾಣಪತ್ರದ ಮೇಲೆ ಅವಕಾಶವಿದೆ; ತುರ್ತು ಸ್ಥಿತಿಯಲ್ಲಿ ಒಬ್ಬ ವೈದ್ಯರ ನಿರ್ಧಾರ ಸಾಕು. ಕಾಯಿದೆಯನ್ನು ಮೀರಿ ಗರ್ಭಪಾತ ಮಾಡಿಸುವವರಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು, ಆದರೆ ಗರ್ಭಿಣಿಯ ಮೇಲೆ ಮೊಕದ್ದಮೆ ಇಲ್ಲ. ಮನಸ್ಸಾಕ್ಷಿ ಒಪ್ಪದ ವೈದ್ಯರು ಮತ್ತು ದಾದಿಯರು ದೂರ ಉಳಿಯಬಹುದಾದರೂ, ರೋಗಿಯನ್ನು ಬೇರೆಯವರ ಆರೈಕೆಗೆ ದಾಟಿಸುವ ಏರ್ಪಾಡನ್ನು ಅವರೇ ಮಾಡಬೇಕು. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರು ಈ ಕೊನೆಯ ವಿಧಿಯನ್ನು ಗಮನವಿಟ್ಟು ಓದಿಕೊಂಡಿರುವುದು ಒಳ್ಳೆಯದು.

ಭಾರತದಿಂದ ಹೋದವರು ಇಲ್ಲೊಂದು ತಪ್ಪು ಲೆಕ್ಕ ಹಾಕುವುದುಂಟು. ಯುರೋಪಿನ ದೇಶವೆಂದರೆ ಕಾನೂನು ನಮ್ಮದಕ್ಕಿಂತ ಸಡಿಲವಾಗಿರುತ್ತದೆ ಎಂದುಕೊಳ್ಳುತ್ತಾರೆ. ನಮ್ಮ 1971ರ ಕಾಯಿದೆಗೆ 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕಾನೂನು ಹೇಳುವ ಕಾರಣಗಳಿದ್ದರೆ 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಐರ್ಲೆಂಡ್‌ನಲ್ಲಿ ಹನ್ನೆರಡು ವಾರಗಳ ಒಳಗೆ ಕಾರಣ ಕೇಳುವುದಿಲ್ಲ, ದಾಟಿದ ಕೂಡಲೇ ಬಾಗಿಲು ಬಹಳ ಕಿರಿದಾಗುತ್ತದೆ.

ಈ ಕಾಯಿದೆಯ ಪರಾಮರ್ಶೆಗೆ ನೇಮಕಗೊಂಡ ವಕೀಲೆ ಮರೀ ಓ'ಶೇ ಅವರ ವರದಿ 2023ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಮೂರು ದಿನಗಳ ಕಾಯುವಿಕೆಯನ್ನು ಕಡ್ಡಾಯದಿಂದ ಸಲಹೆಯ ಮಟ್ಟಕ್ಕೆ ಇಳಿಸಬೇಕೆಂಬುದು ಅದರ ಪ್ರಮುಖ ಶಿಫಾರಸುಗಳಲ್ಲೊಂದು. ಅಭ್ಯರ್ಥಿಗಳ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಈ ಕಾಯುವಿಕೆ, 28 ದಿನಗಳ ಮಿತಿ, ವೈದ್ಯರ ಮೇಲಿನ ಕ್ರಿಮಿನಲ್ ಶಿಕ್ಷೆ ಎಂಬ ಇಂಥ ಅಂಶಗಳಲ್ಲಿ. 'ನೀವು ಗರ್ಭಪಾತದ ಪರವೋ ವಿರುದ್ಧವೋ' ಎಂಬ ದೊಡ್ಡ ಪ್ರಶ್ನೆಗೆ 2018ರ ನಂತರ ಅಷ್ಟು ಅರ್ಥ ಉಳಿದಿಲ್ಲ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಪ್ರತಿಯೊಬ್ಬ ರಾಜಕಾರಣಿಯ ಬಳಿಯೂ ಬಾಯಿಪಾಠವಾದ ಉತ್ತರವಿದೆ.

ದಯಾಮರಣದ ವಿಷಯದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಬುಟ್ಟಿಗೆ ಹಾಕುತ್ತಾರೆ. ಚಿಕಿತ್ಸೆಯನ್ನು ನಿಲ್ಲಿಸಿ ಸಾವನ್ನು ಅದರ ಪಾಡಿಗೆ ಬರಗೊಡುವುದು ಮೊದಲನೆಯದು. ನಾವು ನಿಷ್ಕ್ರಿಯ ದಯಾಮರಣ ಎನ್ನುವುದು ಇದನ್ನೇ. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗ್ ಪ್ರಕರಣದಲ್ಲಿ 2011ರಲ್ಲಿಯೂ, ಆಮೇಲೆ 2018ರಲ್ಲಿ ಇನ್ನೂ ವಿಸ್ತಾರವಾಗಿಯೂ ಭಾರತದ ಸುಪ್ರೀಂ ಕೋರ್ಟು ಒಪ್ಪಿದ್ದು ಇದನ್ನು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಐರ್ಲೆಂಡ್‌ನಲ್ಲಿ ಇದರ ಬಗ್ಗೆ ದೊಡ್ಡ ವಿವಾದ ಉಳಿದಿಲ್ಲ: ಅಲ್ಲಿನ ಸುಪ್ರೀಂ ಕೋರ್ಟು 1995ರಲ್ಲೇ ಒಂದು ಪ್ರಕರಣದಲ್ಲಿ ಆಹಾರದ ನಳಿಕೆಯನ್ನು ತೆಗೆಯಲು ಅನುಮತಿ ಕೊಟ್ಟಿತ್ತು, 2023ರ ಏಪ್ರಿಲ್‌ನಿಂದ, ಮುಂದೆ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಆರೋಗ್ಯ ನಿರ್ದೇಶನ ಪತ್ರಕ್ಕೂ ಕಾನೂನಿನ ಬಲವಿದೆ. ವೈದ್ಯರು ಬರೆದುಕೊಟ್ಟ ಔಷಧವನ್ನು ರೋಗಿ ತಾನೇ ಸೇವಿಸಿ ಸಾಯುವುದು ಎರಡನೆಯದು. ವೈದ್ಯರೇ ಔಷಧ ಕೊಟ್ಟು ಸಾವು ತರುವುದು ಮೂರನೆಯದು. ಈ ಎರಡೂ ಅಲ್ಲಿ ಅಪರಾಧಗಳು. 1993ರ ಕಾಯಿದೆ ಆತ್ಮಹತ್ಯೆಯನ್ನು ಅಪರಾಧಗಳ ಪಟ್ಟಿಯಿಂದ ತೆಗೆದರೂ, ಅದಕ್ಕೆ ನೆರವಾಗುವವರಿಗೆ 14 ವರ್ಷಗಳವರೆಗಿನ ಶಿಕ್ಷೆಯನ್ನು ಉಳಿಸಿಕೊಂಡಿದೆ. ಅಭ್ಯರ್ಥಿಯೊಬ್ಬರು 'ಘನತೆಯ ಸಾವಿಗೆ ನನ್ನ ಬೆಂಬಲವಿದೆ' ಎಂದರೆ ಅವರು ಮಾತನಾಡುತ್ತಿರುವುದು ಮೂರರಲ್ಲಿ ಯಾವುದರ ಬಗ್ಗೆ ಎಂದು ಕೇಳದೆ ಬಿಡಬಾರದು. ನೋವು ತಗ್ಗಿಸುವ ಉಪಶಾಮಕ ಚಿಕಿತ್ಸೆಗೆ ಹೆಚ್ಚು ಹಣ ಕೊಡಬೇಕೆನ್ನುವವರೂ ಇದೇ ಮಾತನ್ನು ಬಳಸುತ್ತಾರೆ.

ಪಕ್ಷದ ಹೆಸರನ್ನು ಎಷ್ಟು ನಂಬಬಹುದು

ಭಾರತದಲ್ಲಿ ಪಕ್ಷವನ್ನು ತಿಳಿದರೆ ಶಾಸಕರ ಮತ ತಿಳಿದಂತೆ. ಸಂವಿಧಾನದ ಹತ್ತನೆಯ ಅನುಸೂಚಿ ಬಂದ 1985ರಿಂದ ಪಕ್ಷದ ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ಐರ್ಲೆಂಡ್‌ನಲ್ಲಿ ವಿಪ್ ಮೀರಿದವರು ಪಕ್ಷದ ಸಂಸದೀಯ ಗುಂಪಿನಿಂದ ಹೊರಗೆ ಬೀಳಬಹುದು, ಆದರೆ ಟಿ.ಡಿ. ಆಗಿಯೇ ಉಳಿಯುತ್ತಾರೆ. 2013ರಲ್ಲಿ ತಾಯಿಯ ಜೀವ ಉಳಿಸುವ ಸಂದರ್ಭಕ್ಕೆ ಸೀಮಿತವಾದ ಗರ್ಭಪಾತ ಮಸೂದೆಯ ಮೇಲೆ ಫಿನ ಗೇಲ್ ಪಕ್ಷ ವಿಪ್ ಹೊರಡಿಸಿದಾಗ, ಮಂತ್ರಿಯಾಗಿದ್ದ ಲುಸಿಂಡಾ ಕ್ರೈಟನ್ ಸೇರಿ ಐವರು ಟಿ.ಡಿ.ಗಳು ಅದನ್ನು ಮೀರಿ ಹೊರಬಿದ್ದರು. 2018ರ ಹೊತ್ತಿಗೆ ಅದೇ ಪಕ್ಷ ಸದಸ್ಯರನ್ನು ಅವರವರ ಮನಸ್ಸಾಕ್ಷಿಗೆ ಬಿಟ್ಟಿತ್ತು. ಫಿಯಾನಾ ಫಾಲ್ ಪಕ್ಷದಲ್ಲಿ ನಾಯಕ ಮಿಹಾಲ್ ಮಾರ್ಟಿನ್ ಆ ವರ್ಷದ ಜನವರಿಯಲ್ಲಿ ಎಂಟನೆಯ ತಿದ್ದುಪಡಿಯನ್ನು ತೆಗೆಯಬೇಕೆಂದು ಡಾಯ್ಲ್‌ನಲ್ಲಿ ಘೋಷಿಸಿದಾಗ, ಅವರ ಬೆನ್ನ ಹಿಂದೆ ಕುಳಿತಿದ್ದ ಸ್ವಪಕ್ಷೀಯರಲ್ಲಿ ಹೆಚ್ಚಿನವರು ಅವರ ವಿರುದ್ಧ ದಿಕ್ಕಿನಲ್ಲಿದ್ದರು.

ಹೀಗಾಗಿ ಫಿಯಾನಾ ಫಾಲ್ ಅಥವಾ ಫಿನ ಗೇಲ್ ಅಭ್ಯರ್ಥಿಯ ವಿಷಯದಲ್ಲಿ ಪಕ್ಷದ ಹೆಸರು ನಿಮಗೆ ಏನನ್ನೂ ಹೇಳುವುದಿಲ್ಲ. ಸ್ವತಂತ್ರರ ವಿಷಯದಲ್ಲಂತೂ ಒಬ್ಬೊಬ್ಬರನ್ನೂ ಬೇರೆಯಾಗಿಯೇ ನೋಡಬೇಕು. ಇನ್ನು ಕೆಲವು ಪಕ್ಷಗಳ ಹೆಸರು ತಕ್ಕಮಟ್ಟಿಗೆ ನೆರವಾಗುತ್ತದೆ. ಶಿನ್ ಫೇನ್ ಪಕ್ಷ ಗರ್ಭಪಾತದ ವಿಷಯದಲ್ಲಿ ಮನಸ್ಸಾಕ್ಷಿಯ ಮತಕ್ಕೆ ಅವಕಾಶ ಕೊಡದೆ ಇದ್ದುದರಿಂದಲೇ ಪ್ಯಾಡರ್ ಟೋಬೀನ್ ಅದರಿಂದ ಹೊರಬಂದು 2019ರಲ್ಲಿ ಏಂಟೂ ಪಕ್ಷವನ್ನು ಕಟ್ಟಿದರು. ಏಂಟೂ ಗರ್ಭಪಾತವನ್ನು ವಿರೋಧಿಸುವ ಪಕ್ಷವೆಂಬುದರಲ್ಲಿ ಗೊಂದಲವಿಲ್ಲ. ಲೇಬರ್, ಸೋಷಿಯಲ್ ಡೆಮಾಕ್ರಾಟ್ಸ್, ಪೀಪಲ್ ಬಿಫೋರ್ ಪ್ರಾಫಿಟ್ ಪಕ್ಷಗಳು ಕಾನೂನನ್ನು ಸಡಿಲಿಸುವ ಕಡೆಗಿವೆ. ಆದರೆ ಒಂದು ಎಚ್ಚರಿಕೆ ಬೇಕು: ಗರ್ಭಪಾತದಲ್ಲಿ ಒಂದು ಕಡೆ ನಿಂತವರು ದಯಾಮರಣದಲ್ಲೂ ಅದೇ ಕಡೆ ನಿಲ್ಲುತ್ತಾರೆಂಬ ನಿಯಮವಿಲ್ಲ. ಅಂಗವಿಕಲರ ಮೇಲೆ, ವೃದ್ಧರ ಮೇಲೆ ಒತ್ತಡ ಬಂದೀತೆಂಬ ಕಾರಣಕ್ಕೆ ದಯಾಮರಣಕ್ಕೆ ಹಿಂಜರಿಯುವ, ಆದರೆ ಗರ್ಭಪಾತದ ಹಕ್ಕನ್ನು ಪೂರ್ತಿಯಾಗಿ ಒಪ್ಪುವ ರಾಜಕಾರಣಿಗಳಿದ್ದಾರೆ. ಎರಡನ್ನೂ ಪ್ರತ್ಯೇಕವಾಗಿಯೇ ಹುಡುಕಬೇಕು.

ಮತದ ದಾಖಲೆಯನ್ನು ಓದುವ ರೀತಿ

ಹಾಲಿ ಅಥವಾ ಮಾಜಿ ಟಿ.ಡಿ. ಸ್ಪರ್ಧಿಸಿದ್ದರೆ ನಿಮ್ಮ ಕೆಲಸ ಸುಲಭ. ಸಂಸತ್ತಿನ ಜಾಲತಾಣದಲ್ಲಿ ಪ್ರತಿ ಸದಸ್ಯರಿಗೂ ಒಂದು ಪುಟವಿದೆ. ಅವರ ಭಾಷಣಗಳು, ಮಂತ್ರಿಗಳಿಗೆ ಕೇಳಿದ ಪ್ರಶ್ನೆಗಳು, ಹಾಕಿದ ಮತಗಳು ಎಲ್ಲವೂ ಅಲ್ಲಿವೆ. ಮತಗಳ ಪಟ್ಟಿಯಲ್ಲಿ ಪರವಾದವರ ಹೆಸರು 'ತಾ' ಎಂಬ, ವಿರುದ್ಧವಾದವರ ಹೆಸರು 'ನೀಲ್' ಎಂಬ, ತಟಸ್ಥರ ಹೆಸರು 'ಸ್ತೀನ್' ಎಂಬ ಐರಿಷ್ ಶೀರ್ಷಿಕೆಯಡಿ ಸಿಗುತ್ತದೆ. ನಮ್ಮಲ್ಲಿ 2021ರ ಗರ್ಭಪಾತ ತಿದ್ದುಪಡಿ ಎರಡೂ ಸದನಗಳಲ್ಲಿ ಧ್ವನಿಮತದಿಂದ ಅಂಗೀಕಾರವಾದ್ದರಿಂದ ಯಾವ ಸಂಸದರು ಹೇಗೆ ಮತ ಹಾಕಿದರೆಂಬ ದಾಖಲೆಯೇ ಇಲ್ಲ. ಆ ಅಭ್ಯಾಸದಿಂದ ಹೋದವರಿಗೆ ಐರ್ಲೆಂಡ್‌ನ ಈ ಪಟ್ಟಿಗಳು ಒಂದು ಭಾಗ್ಯವೆಂದೇ ಅನ್ನಿಸಬೇಕು.

ನೋಡಬೇಕಾದ ಮತಗಳು ಮುಖ್ಯವಾಗಿ ನಾಲ್ಕು. 2018ರ ಡಿಸೆಂಬರ್ 5ರಂದು ಈಗಿನ ಗರ್ಭಪಾತ ಕಾಯಿದೆ ಡಾಯ್ಲ್‌ನಲ್ಲಿ 90–15 ಮತಗಳಿಂದ ಅಂಗೀಕಾರವಾಯಿತು; ಹನ್ನೆರಡು ಮಂದಿ ತಟಸ್ಥರಾಗಿದ್ದರು. 2023ರ ಮೇ ಕೊನೆಯಲ್ಲಿ, ಮೂರು ದಿನಗಳ ಕಾಯುವಿಕೆಯನ್ನು ತೆಗೆದು ಇನ್ನಷ್ಟು ಬದಲಾವಣೆಗಳನ್ನು ತರಲು ಬ್ರೀಡ್ ಸ್ಮಿತ್ ಮಂಡಿಸಿದ ಮಸೂದೆ 67–64ರ ಕೂದಲೆಳೆಯ ಅಂತರದಿಂದ ಎರಡನೆಯ ಹಂತವನ್ನು ದಾಟಿತು. ದಯಾಮರಣದಲ್ಲಿ, ಜೀನೋ ಕೆನಿ ಅವರ 2020ರ ಮಸೂದೆ ಅದೇ ವರ್ಷದ ಅಕ್ಟೋಬರ್‌ನಲ್ಲಿ 81–71 ಮತಗಳಿಂದ ಸಮಿತಿಯ ಹಂತಕ್ಕೆ ಹೋಯಿತು. ಕೊನೆಯದು 2024ರ ಅಕ್ಟೋಬರ್‌ನದು: ದಯಾಮರಣದ ಕುರಿತ ಸಂಸತ್ತಿನ ಜಂಟಿ ಸಮಿತಿಯ ವರದಿಯನ್ನು ಡಾಯ್ಲ್ 76–53 ಮತಗಳಿಂದ 'ಗಮನಿಸಿತು'.

ಈ ಕೊನೆಯ ಮತವೇ ಓದುಗರನ್ನು ಹೆಚ್ಚು ದಾರಿ ತಪ್ಪಿಸುವಂಥದ್ದು. ಮರುದಿನದ ಸುದ್ದಿಗಳನ್ನು ಓದಿದವರಿಗೆ ಡಾಯ್ಲ್ ದಯಾಮರಣಕ್ಕೆ ಒಪ್ಪಿಗೆ ಕೊಟ್ಟಿತೆಂಬ ಭಾವನೆ ಬಂದದ್ದು ಸಹಜ. ವರದಿಯನ್ನು ಗಮನಿಸುವುದೆಂದರೆ ವರದಿ ಬಂದಿದೆ, ಸದನ ಅದನ್ನು ಚರ್ಚಿಸಿದೆ ಎಂದಷ್ಟೇ; ಅದರಿಂದ ಯಾವ ಕಾನೂನೂ ಹುಟ್ಟುವುದಿಲ್ಲ. ಪರವಾಗಿ ಮತ ಹಾಕಿದ 76 ಮಂದಿಯಲ್ಲಿ ಶಿಫಾರಸುಗಳನ್ನು ಒಪ್ಪಿದವರೂ ಇರಬಹುದು, ವರದಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ ಎಂದುಕೊಂಡವರೂ ಇರಬಹುದು. ಆದರೆ ವಿರುದ್ಧವಾಗಿ ಮತ ಹಾಕಿದ 53 ಮಂದಿಯ ನಿಲುವು ಹೆಚ್ಚು ಸ್ಪಷ್ಟ, ಏಕೆಂದರೆ ಗಮನಿಸುವುದಕ್ಕೂ ಒಪ್ಪದವರು ಕಾನೂನಿಗೆ ಒಪ್ಪುವ ಸಾಧ್ಯತೆ ಕಡಿಮೆ. ಸಮಿತಿಯ ಅಧ್ಯಕ್ಷರ ಹೆಸರಿನಿಂದಲೂ ಏನನ್ನೂ ಊಹಿಸಬೇಡಿ. ಆರು ತಿಂಗಳ ಒಳಗೆ, ನರಗಳ ಕ್ಷೀಣರೋಗವಾದರೆ ಹನ್ನೆರಡು ತಿಂಗಳ ಒಳಗೆ, ಸಾವು ಬರುವುದೆಂದು ವೈದ್ಯರು ಹೇಳಿದ ವಯಸ್ಕರಿಗೆ ನೆರವಿನ ಮರಣದ ಅವಕಾಶ ಕೊಡಬೇಕೆಂದು ಆ ಸಮಿತಿ 2024ರ ಮಾರ್ಚ್‌ನಲ್ಲಿ ಶಿಫಾರಸು ಮಾಡಿತು, ಆದರೆ ಅಧ್ಯಕ್ಷ ಮೈಕಲ್ ಹೀಲಿ-ರೇ ಸ್ವತಃ ಆ ಶಿಫಾರಸಿಗೆ ವಿರುದ್ಧವಾಗಿದ್ದರು.

ಎರಡನೆಯ ಹಂತದ ಮತವನ್ನೂ ಹೀಗೆಯೇ ಜಾಗರೂಕತೆಯಿಂದ ಓದಬೇಕು. ಆ ಹಂತದಲ್ಲಿ ಸದನ ಒಪ್ಪುವುದು ಮಸೂದೆಯ ಮೂಲ ಆಶಯವನ್ನು. ಕರಡು ಸರಿಯಿಲ್ಲದಿದ್ದರೂ ಚರ್ಚೆ ಮುಂದುವರಿಯಲಿ ಎಂದು ಪರವಾಗಿ ಮತ ಹಾಕುವವರಿದ್ದಾರೆ. 2020ರ ದಯಾಮರಣ ಮಸೂದೆಯಲ್ಲಿ ಗಂಭೀರ ದೋಷಗಳಿವೆಯೆಂದು ನ್ಯಾಯ ಸಮಿತಿ ಮುಂದಿನ ವರ್ಷ ಹೇಳಿ ಅದನ್ನು ಮುಂದುವರಿಸದೆ ಬಿಟ್ಟಿತು. ಆದ್ದರಿಂದ ಮತದ ಜೊತೆಗೆ ಆ ದಿನದ ಭಾಷಣವನ್ನೂ ತೆರೆದು ನೋಡಿರಿ. 'ಈ ಮಸೂದೆಯನ್ನು ಸಮಿತಿಗೆ ಕಳಿಸಲು ಮಾತ್ರ ನನ್ನ ಬೆಂಬಲ' ಎಂಬಂಥ ಒಂದು ವಾಕ್ಯ ಇಡೀ ಮತದ ಅರ್ಥವನ್ನೇ ಬದಲಿಸುತ್ತದೆ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಅದನ್ನು ನಿಲುವೆಂದು ತಿಳಿಯಬೇಡಿ. ಸರ್ಕಾರದ ಕಡೆಯ ಒಬ್ಬರು ಗೈರಾದರೆ ವಿರೋಧ ಪಕ್ಷದ ಒಬ್ಬರೂ ಮತ ಹಾಕದೆ ಉಳಿಯುವ ಜೋಡಿ ಒಪ್ಪಂದದ ಪದ್ಧತಿ ಡಾಯ್ಲ್‌ನಲ್ಲಿದೆ. ಅನಾರೋಗ್ಯ, ಹೆರಿಗೆ, ವಿದೇಶ ಪ್ರವಾಸ ಹೀಗೆ ಕಾರಣಗಳೂ ಹಲವು. ಒಂದು ಮತಕ್ಕೆ ಗೈರಾದರೆ ಏನೂ ಹೇಳಲಾಗದು. ನಾಲ್ಕಕ್ಕೂ ಗೈರಾಗಿದ್ದವರನ್ನು ಮಾತ್ರ ನಾನಂತೂ ಆಕಸ್ಮಿಕವೆಂದು ನಂಬಲಾರೆ.

ಹಳೆಯ ದಾಖಲೆಗೆ ಕಾಲದ ಮಿತಿಯೂ ಇದೆ. ಮಾರ್ಟಿನ್ ಅವರಂತೆ ಮನಸ್ಸು ಬದಲಿಸಿದವರು ಎರಡೂ ಕಡೆ ಇದ್ದಾರೆ. ಹತ್ತು ವರ್ಷದ ಹಿಂದಿನ ಭಾಷಣಕ್ಕಿಂತ ಇತ್ತೀಚಿನ ಮತಕ್ಕೆ ಹೆಚ್ಚು ಬೆಲೆ ಕೊಡಿ.

ಹೊಸ ಅಭ್ಯರ್ಥಿಯಾದರೆ ನೇರವಾಗಿ ಕೇಳುವುದೇ ದಾರಿ

2024ರ ನವೆಂಬರ್ 29ರ ಚುನಾವಣೆಯಲ್ಲಿ ಡಾಯ್ಲ್‌ನ ಸ್ಥಾನಗಳು 160ರಿಂದ 174ಕ್ಕೆ ಏರಿದವು. ಮೇಲೆ ಹೇಳಿದ ಮಸೂದೆಗಳನ್ನು ಮಂಡಿಸಿದ ಇಬ್ಬರಲ್ಲಿ ಬ್ರೀಡ್ ಸ್ಮಿತ್ ಆ ಸಲ ಸ್ಪರ್ಧಿಸಲಿಲ್ಲ, ಜೀನೋ ಕೆನಿ ಸೋತರು. ದಾಖಲೆ ಇಲ್ಲದ ಹೊಸಬರು ಪ್ರತಿ ಚುನಾವಣೆಯಲ್ಲೂ ಬರುತ್ತಾರೆ, ಅವರ ಕರಪತ್ರದಲ್ಲಿ ಈ ಎರಡು ವಿಷಯಗಳ ಸುಳಿವೂ ಇರುವುದಿಲ್ಲ. ವಸತಿ, ಬಾಡಿಗೆ, ಆಸ್ಪತ್ರೆಯ ಸರದಿ ಎಂಬುವನ್ನು ತುಂಬಿ ಅಂಚೆಗೆ ಹಾಕುತ್ತಾರೆ.

ಅದೃಷ್ಟಕ್ಕೆ ಐರ್ಲೆಂಡ್‌ನ ರಾಜಕಾರಣ ಇನ್ನೂ ಬಾಗಿಲಿಗೆ ಬರುವ ರಾಜಕಾರಣ. ಅಭ್ಯರ್ಥಿಗಳೇ ಸಂಜೆ ಹೊತ್ತು ಮನೆಮನೆಯ ಗಂಟೆ ಒತ್ತುತ್ತಾರೆ. ಹಾಲಿ ಟಿ.ಡಿ.ಗಳು ಕ್ಷೇತ್ರದಲ್ಲಿ ಜನರನ್ನು ಭೇಟಿಯಾಗುವ ನಿಗದಿತ ಹೊತ್ತುಗಳಿಗೆ 'ಕ್ಲಿನಿಕ್' ಎಂದೇ ಹೆಸರು. ಅದಕ್ಕೂ ಔಷಧಕ್ಕೂ ಸಂಬಂಧವಿಲ್ಲ, ಯಾರು ಬೇಕಾದರೂ ಹೋಗಬಹುದು. ಬಾಗಿಲಲ್ಲಿ ಸಿಗುವುದು ಎರಡು ನಿಮಿಷವಾದ್ದರಿಂದ ಒಂದೇ ಪ್ರಶ್ನೆ ಕೇಳಿರಿ, ಉಳಿದದ್ದನ್ನು ಇಮೇಲ್‌ನಲ್ಲಿ ಬರೆಯಿರಿ. ಬರಹದಲ್ಲಿ ಬಂದ ಉತ್ತರಕ್ಕೆ ಮುಂದೆ ಅವರನ್ನು ಹೊಣೆ ಮಾಡುವುದು ಸುಲಭ.

ಇಮೇಲ್ ಚಿಕ್ಕದಾಗಿರಲಿ. ನಿಮ್ಮ ಹೆಸರು ಮತ್ತು ಐರ್‌ಕೋಡ್ ಮೊದಲ ಸಾಲಿನಲ್ಲೇ ಇರಲಿ. ಸ್ವಕ್ಷೇತ್ರದ ಮತದಾರರ ಪತ್ರಕ್ಕೆ ಸಿಗುವ ಗಮನವೇ ಬೇರೆ. ಆಮೇಲೆ 'ನಿಮ್ಮ ಅಭಿಪ್ರಾಯವೇನು' ಎನ್ನುವ ಬದಲು 'ನೀವು ಹೇಗೆ ಮತ ಹಾಕುವಿರಿ' ಎಂದು ಕೇಳಿರಿ. ಇಂಥ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ:

ಮೂರು ದಿನಗಳ ಕಡ್ಡಾಯ ಕಾಯುವಿಕೆಯನ್ನು ತೆಗೆಯುವ ಮಸೂದೆ ಬಂದರೆ ನಿಮ್ಮ ಮತ ಯಾವ ಕಡೆಗೆ?
ಹನ್ನೆರಡು ವಾರಗಳ ಮಿತಿಯನ್ನು ಹೆಚ್ಚಿಸುವ ಅಥವಾ ಇಳಿಸುವ ತಿದ್ದುಪಡಿಯನ್ನು ಬೆಂಬಲಿಸುವಿರಾ?
ಶಿಶು ಬದುಕುಳಿಯದು ಎಂಬ ಪ್ರಕರಣಗಳಲ್ಲಿ 28 ದಿನಗಳ ಷರತ್ತು ಇರಬೇಕೇ?
ಜಂಟಿ ಸಮಿತಿಯ 2024ರ ಶಿಫಾರಸಿನ ಆಧಾರದ ಮೇಲೆ ದಯಾಮರಣದ ಮಸೂದೆ ಬಂದರೆ ಪರವೋ ವಿರುದ್ಧವೋ? ಔಷಧವನ್ನು ರೋಗಿಯೇ ಸೇವಿಸುವುದಕ್ಕೆ ಮಾತ್ರ ಒಪ್ಪುವಿರೋ, ವೈದ್ಯರು ಕೊಡುವುದಕ್ಕೂ ಒಪ್ಪುವಿರೋ?
ನಿಮ್ಮ ಪಕ್ಷ ಈ ಮತಗಳಿಗೆ ವಿಪ್ ಹೊರಡಿಸಿದರೆ ಏನು ಮಾಡುವಿರಿ?

ಬರುವ ಉತ್ತರಗಳಲ್ಲಿ ಜಾರಿಕೆಯ ಕೆಲವು ಸಾಲುಗಳು ಮತ್ತೆ ಮತ್ತೆ ಕಾಣಿಸುತ್ತವೆ. 'ಇದು ಬಹಳ ಸೂಕ್ಷ್ಮ ವಿಷಯ, ಎಲ್ಲರ ಭಾವನೆಗಳನ್ನೂ ಗೌರವಿಸುತ್ತೇನೆ' ಎಂಬುದರಲ್ಲಿ ಉತ್ತರವಿಲ್ಲ. 'ಜನರ ತೀರ್ಪನ್ನು ಗೌರವಿಸುತ್ತೇನೆ' ಎಂಬುದು ಇನ್ನೂ ಜಾಣತನದ ಮಾತು: 2018ರಲ್ಲಿ ಜನ ತೀರ್ಪು ಕೊಟ್ಟದ್ದು ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ಇರಲಿ ಎಂದು; ಸರ್ಕಾರ ಆಗ ತೋರಿಸಿದ್ದ ಕರಡಿನ ಒಂದಕ್ಷರವನ್ನೂ ಬದಲಿಸಬಾರದೆಂದು ಕೆಲವರು, ಬದಲಿಸಲು ಜನರೇ ಅಧಿಕಾರ ಕೊಟ್ಟಿದ್ದಾರೆಂದು ಇನ್ನು ಕೆಲವರು ಇದೇ ಮಾತನ್ನು ಹೇಳುತ್ತಾರೆ. 'ಮನಸ್ಸಾಕ್ಷಿಯಂತೆ ನಡೆಯುತ್ತೇನೆ' ಎಂದವರಿಗೆ, ಮನಸ್ಸಾಕ್ಷಿ ಈಗ ಏನು ಹೇಳುತ್ತಿದೆಯೆಂದು ವಿನಯದಿಂದಲೇ ಮತ್ತೊಂದು ಪತ್ರ ಬರೆಯಬಹುದು. 'ನನಗೆ ಇನ್ನೂ ನಿರ್ಧರಿಸಲಾಗಿಲ್ಲ, ಈ ಈ ಅಂಶಗಳು ನನ್ನನ್ನು ಕಾಡುತ್ತಿವೆ' ಎಂದು ಬಿಚ್ಚಿ ಹೇಳಿದವರನ್ನು ಮಾತ್ರ ಇವರ ಜೊತೆಗೆ ಸೇರಿಸಬೇಡಿ. ದಯಾಮರಣದಂಥ ವಿಷಯದಲ್ಲಿ ಅದು ಪ್ರಾಮಾಣಿಕವಾದ ಉತ್ತರವಾಗಿರಬಲ್ಲದು.

ಸಂಘಟನೆಗಳು ಹೊರಡಿಸುವ ಪಟ್ಟಿಗಳು

ಚುನಾವಣೆ ಬಂದಾಗ ಎರಡೂ ಕಡೆಯ ಸಂಘಟನೆಗಳು ಅಭ್ಯರ್ಥಿಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರಗಳನ್ನು ಪ್ರಕಟಿಸುವುದುಂಟು. ಗರ್ಭಪಾತವನ್ನು ವಿರೋಧಿಸುವ ಪ್ರೊ ಲೈಫ್ ಕ್ಯಾಂಪೇನ್, ಕಾನೂನಿನ ಸುಧಾರಣೆ ಬಯಸುವ ರಾಷ್ಟ್ರೀಯ ಮಹಿಳಾ ಮಂಡಳಿ, ದಯಾಮರಣದ ಪರವಾಗಿರುವ ಎಂಡ್ ಆಫ್ ಲೈಫ್ ಐರ್ಲೆಂಡ್ ಇವುಗಳಲ್ಲಿ ಪರಿಚಿತವಾದ ಹೆಸರುಗಳು. ಇಂಥ ಪಟ್ಟಿ ಸಿಕ್ಕರೆ ಹಸಿರು, ಕೆಂಪು ಗುರುತುಗಳನ್ನು ನೋಡಿ ತೃಪ್ತರಾಗದೆ ಕೇಳಿದ ಪ್ರಶ್ನೆ ಯಾವುದೆಂದು ಹುಡುಕಿರಿ. ಪ್ರಶ್ನೆಯಲ್ಲೇ ಉತ್ತರವನ್ನು ಅಡಗಿಸುವುದು ಕಷ್ಟವೇನಲ್ಲ. ಉತ್ತರ ಕೊಡದವರನ್ನು ವಿರೋಧಿಗಳ ಸಾಲಿಗೆ ಸೇರಿಸುವ ಪಟ್ಟಿಗಳೂ ಇರುತ್ತವೆ. ಹಾಗಾಗಿ ಎರಡು ಎದುರು ಬದುರು ಸಂಘಟನೆಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಹೊಂದಿಕೆಯಾಗುವ ಹೆಸರುಗಳನ್ನು ಮಾತ್ರ ಖಚಿತವೆಂದು ತೆಗೆದುಕೊಳ್ಳಿ. 2023ರಲ್ಲಿ ಸ್ಥಾಪನೆಯಾದ ಐರ್ಲೆಂಡ್‌ನ ಚುನಾವಣಾ ಆಯೋಗ ಜನಮತಗಣನೆಯ ವಿಷಯವನ್ನು ನಿಷ್ಪಕ್ಷಪಾತವಾಗಿ ವಿವರಿಸುತ್ತದೆಯೇ ಹೊರತು ಅಭ್ಯರ್ಥಿಗಳ ನಿಲುವುಗಳ ಪಟ್ಟಿಯನ್ನು ಕೊಡುವುದಿಲ್ಲ.

ಮತಪತ್ರದ ಮೇಲೆ ಅಂಕಿಗಳನ್ನು ಬರೆಯುವಾಗ

ಇಲ್ಲಿಯವರೆಗಿನ ಹುಡುಕಾಟಕ್ಕೆ ಫಲ ಸಿಗುವುದು ಐರ್ಲೆಂಡ್‌ನ ಮತದಾನದ ವಿಧಾನದಿಂದ. ಒಂದೊಂದು ಕ್ಷೇತ್ರದಿಂದ ಮೂರರಿಂದ ಐದು ಮಂದಿ ಆಯ್ಕೆಯಾಗುತ್ತಾರೆ. ಮತದಾರರು ಒಬ್ಬರಿಗೆ ಮುದ್ರೆ ಒತ್ತುವ ಬದಲು ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯುತ್ತಾರೆ. ನಾಲ್ಕು ಸ್ಥಾನದ ಕ್ಷೇತ್ರದಲ್ಲಿ 50,000 ಸಿಂಧು ಮತಗಳಿದ್ದರೆ ಗೆಲ್ಲಲು ಬೇಕಾದ ಪಾಲು 10,001. ನಿಮ್ಮ ಮೊದಲ ಆಯ್ಕೆಯವರು ಕಣದಿಂದ ಹೊರಬಿದ್ದರೆ ಮತ ಎರಡನೆಯವರಿಗೆ, ಅವರೂ ಹೊರಬಿದ್ದರೆ ಮೂರನೆಯವರಿಗೆ ಸಾಗುತ್ತದೆ. ಕೆಳಗಿನ ಅಂಕಿಗಳನ್ನು ಬರೆದದ್ದರಿಂದ ಮೇಲಿನವರಿಗೆ ಎಂದೂ ನಷ್ಟವಾಗುವುದಿಲ್ಲ. ನಮ್ಮಲ್ಲಿ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಪ್ರಾಶಸ್ತ್ಯದ ಮತ ಹಾಕಿದವರಿಗೆ ಈ ಕ್ರಮ ಅಪರಿಚಿತವಲ್ಲ.

ಇದರಿಂದ ಒಂದು ಅನುಕೂಲವಿದೆ. ವಸತಿ, ತೆರಿಗೆ, ವಲಸೆಯ ವಿಷಯಗಳಲ್ಲಿ ನಿಮಗೆ ಒಪ್ಪಿಗೆಯಾದ ಪಕ್ಷದಿಂದ ಇಬ್ಬರು ನಿಂತಿದ್ದು, ಅವರಲ್ಲಿ ಒಬ್ಬರು ಗರ್ಭಪಾತ ಅಥವಾ ದಯಾಮರಣದಲ್ಲಿ ನಿಮ್ಮಂತೆ, ಇನ್ನೊಬ್ಬರು ನಿಮಗೆ ಎದುರಾಗಿ ಯೋಚಿಸುವವರಾದರೆ, ಪಕ್ಷವನ್ನು ಬಿಡದೆಯೇ ಮೊದಲಿನವರಿಗೆ 1, ಎರಡನೆಯವರಿಗೆ ಕೆಳಗಿನ ಅಂಕಿ ಕೊಡಬಹುದು. ದೊಡ್ಡ ಪಕ್ಷಗಳು ಒಂದೇ ಕ್ಷೇತ್ರದಲ್ಲಿ ಇಬ್ಬರು ಮೂವರನ್ನು ನಿಲ್ಲಿಸುವುದು ಸಾಮಾನ್ಯವಾದ್ದರಿಂದ ಇದು ಬರೀ ಲೆಕ್ಕದ ಮಾತಲ್ಲ. ಮತ್ತೊಂದು ಕಡೆ, ನಿಮ್ಮ ನಿಲುವಿಗೆ ತೀರ ವಿರುದ್ಧವಾದವರನ್ನು ತಡೆಯುವುದೇ ಉದ್ದೇಶವಾದರೆ, ಎರಡು ಮೂರು ಅಂಕಿಗಳಿಗೆ ನಿಲ್ಲಿಸದೆ, ಸಹಿಸಬಹುದಾದ ಎಲ್ಲರಿಗೂ ಕ್ರಮವಾಗಿ ಅಂಕಿ ಬರೆದು ಆ ಒಬ್ಬರ ಜಾಗವನ್ನು ಖಾಲಿ ಬಿಡಿ. ಕೊನೆಯ ಸ್ಥಾನಕ್ಕೆ ನಡೆಯುವ ಪೈಪೋಟಿ ಹಲವು ಕಡೆ ಕೆಲವೇ ಮತಗಳಲ್ಲಿ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಎಣಿಕೆಯ ಮೇಜಿನ ಮೇಲೆ ಉಳಿದಿರುವುದು ನಿಮ್ಮ ಐದನೆಯ, ಆರನೆಯ ಅಂಕಿಯೇ ಆಗಿರಬಹುದು.

ಡಾಯ್ಲ್ ವಿಸರ್ಜನೆಯಾದರೆ ಅಂಗೀಕಾರವಾಗದೆ ಉಳಿದ ಮಸೂದೆಗಳು ಬಿದ್ದುಹೋಗುತ್ತವೆ, ಹೊಸ ಡಾಯ್ಲ್ ನಿರ್ಣಯ ಮಾಡಿದರೆ ಮಾತ್ರ ಮತ್ತೆ ಜೀವ ಪಡೆಯುತ್ತವೆ. ಆದ್ದರಿಂದ ಚುನಾವಣೆ ಮುಗಿದ ಕೆಲವು ತಿಂಗಳಲ್ಲೇ ಯಾವ ಮಸೂದೆಯನ್ನು ಯಾರು ಎತ್ತಿಕೊಂಡರು, ಆರೋಗ್ಯ ಸಮಿತಿಯಲ್ಲಿ ಯಾರು ಕುಳಿತರು ಎಂಬುದನ್ನು ನೋಡಿ, ಗೆದ್ದ ಟಿ.ಡಿ. ನಿಮಗೆ ಕಳಿಸಿದ್ದ ಇಮೇಲ್‌ನ ಪ್ರತಿಯನ್ನು ಸೇರಿಸಿ, ಆ ಮಸೂದೆಯ ದಿನಾಂಕ ನಿಗದಿಯಾದ ಕೂಡಲೇ ಮತ್ತೊಂದು ಪತ್ರ ಬರೆಯಿರಿ. ಈ ಪತ್ರ ಬರೆಯಲು ಪೌರತ್ವ ಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ, ಡಾಯ್ಲ್‌ಗೆ ಮತವಿಲ್ಲದ ನಿವಾಸಿಯೂ ತನ್ನ ಕ್ಷೇತ್ರದ ಟಿ.ಡಿ.ಯ ಕ್ಲಿನಿಕ್‌ಗೆ ಹೋಗಿ ಇದೇ ಪ್ರಶ್ನೆಗಳನ್ನು ಕೇಳಬಹುದು.